ಕಾದ ಕಾರಿನಲ್ಲಿ ಹೆಣ್ಣು ಕೇಳಲು ಹೋದದ್ದು

ನಾವು ಹಾಸನ ಬಿಟ್ಟಾಗ ಬೆಳಗಿನ ಎಂಟು ಗಂಟೆ ದಾಟಿತ್ತು. ಅವತ್ತು ಗುರುವಾರ, ರಾಹುಕಾಲ ಶುರುವಾಗುವುದು ಮಧ್ಯಾಹ್ನ ಒಂದೂವರೆಗೆ. ಅಷ್ಟರೊಳಗೆ ಅರಕಲಗೂಡಿನಲ್ಲಿ ಕೂತು ಮಾತು ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಎದ್ದುಬಿಡಬೇಕು ಎಂದು ನನ್ನ ಹೆಂಡತಿ ಲಲಿತಾ ಹಿಂದಿನ ದಿನವೇ ತಾಕೀತು ಮಾಡಿದ್ದಳು. ನಾವು ಹೊರಟಿದ್ದು ಅವಳ ಒಬ್ಬನೇ ತಮ್ಮ ನಾಗೇಶನಿಗೆ ಹೆಣ್ಣು ಕೇಳಲು.

ನಾಗೇಶ ಚನ್ನರಾಯಪಟ್ಟಣದಲ್ಲಿ ಕಾರಿನ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ವಯಸ್ಸು ಮೂವತ್ತನಾಲ್ಕಾಯಿತು. ಕೈಗೆ ಮಸಿ ಮೆತ್ತಿಕೊಳ್ಳುವ ಹುಡುಗನಿಗೆ ಈಗ ಹೆಣ್ಣು ಸಿಗುವುದು ಸುಲಭವಲ್ಲ. ಎರಡು ಕಡೆ ಜಾತಕ ಕೂಡಿ, ಮಾತು ಮುಂದುವರಿದು, ‘ಓ, ಮೆಕ್ಯಾನಿಕ್ಕಾ’ ಎನ್ನುವಲ್ಲಿಗೆ ಮುರಿದುಬಿದ್ದಿತ್ತು. ಅರಕಲಗೂಡಿನ ಶಿವಣ್ಣ ಎನ್ನುವವರು ಮಾತ್ರ, ಕೆಲಸ ಯಾವುದಾದರೂ ಸರಿ, ಹುಡುಗನ ಕೈ ನಂಬುವಂಥದ್ದಾಗಿರಬೇಕು, ಹಿರಿಯರು ಯಾರಾದರೂ ಬಂದು ಅವನ ಪರವಾಗಿ ಹೇಳಲಿ ಎಂದು ಹೇಳಿ ಕಳಿಸಿದ್ದರು. ನಾಗೇಶನಿಗೆ ಅಪ್ಪ ಅಮ್ಮ ಇಲ್ಲ. ಹಿರಿಯ ಎಂದರೆ ನಾನೇ, ಅಕ್ಕನ ಗಂಡ. ಮೊದಲ ಸಲ ಕೇಳಲು ಹೋಗುವಾಗ ನಮ್ಮಲ್ಲಿ ಹುಡುಗನನ್ನು ಕರೆದೊಯ್ಯುವುದಿಲ್ಲ. ಹಾಗಾಗಿ ಅವನ ಬಗ್ಗೆ ಆಡಬೇಕಾದ ಒಳ್ಳೆಯ ಮಾತೆಲ್ಲ ನನ್ನ ಬಾಯಿಂದಲೇ ಬರಬೇಕಿತ್ತು.

ಆ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೂಗಿ ಕೂಗಿ ಜನ ಹತ್ತಿಸಿ ರೂಢಿಯಾದ ಗಂಟಲು. ಯಾರು ಏನು ಕೇಳಿದರೂ ನನ್ನಲ್ಲಿ ಉತ್ತರ ಇರುತ್ತದೆ, ಗೊತ್ತಿಲ್ಲದಿದ್ದರೆ ಇನ್ನೂ ದೊಡ್ಡ ಉತ್ತರ ಇರುತ್ತದೆ. ಡ್ರೈವರುಗಳ ಪಕ್ಕ ನಿಂತು ನಿಂತು ಇಂಜಿನ್ನಿನ ಒಳಗುಟ್ಟೆಲ್ಲ ನನಗೆ ಗೊತ್ತು ಎನ್ನುವ ಭ್ರಮೆ ಬೇರೆ.

ಕಾರು ನನ್ನದೇ. ನಿವೃತ್ತಿಯಾದಾಗ ಕೊಂಡ ಹಳೆಯ ಬಿಳಿ ಪೆಟ್ರೋಲ್ ಕಾರು. ಆಗಲೇ ಅದಕ್ಕೂ ನಿವೃತ್ತಿಯ ವಯಸ್ಸಾಗಿತ್ತು. ಹಿಂದಿನ ತಿಂಗಳು ನೀರಿನ ಪಂಪು ಸೋರುತ್ತಿದೆ ಎಂದು ನಾಗೇಶನ ಹತ್ತಿರ ಬಿಟ್ಟಿದ್ದೆ. ಅವನು ಪಂಪು ಬದಲಿಸಿದ, ರೇಡಿಯೇಟರ್ ತೊಳೆದ, ಜೊತೆಗೆ ನಾನು ಕೇಳದಿದ್ದ ಒಂದು ವಾಲ್ವನ್ನೂ ಹಾಕಿದ. ಇಂಜಿನ್ ಹದವಾಗಿ ಬಿಸಿಯಾಗುವವರೆಗೆ ನೀರನ್ನು ತಡೆದಿಟ್ಟುಕೊಂಡು ಆಮೇಲೆ ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ನಮ್ಮ ಕಡೆ ಹಳೆಯ ಕಾರುಗಳಲ್ಲಿ ಅದನ್ನು ಕಿತ್ತು ಬಿಸಾಡುವುದೇ ವಾಡಿಕೆ. ‘ನಮ್ಮೂರ ಹವೆಗೆ ಇದು ಬೇಡ ಸಾ’ ಎಂದು ಎಲ್ಲ ಮೆಕ್ಯಾನಿಕ್ಕರೂ ಹೇಳುತ್ತಾರೆ. ನಾಗೇಶ ಮಾತ್ರ, ‘ಇಂಜಿನ್ ತಣ್ಣಗೇ ಓಡುದ್ರೆ ಪೆಟ್ರೋಲ್ ಕುಡೀತದೆ ಭಾವ, ಅದು ಇರ್ಬೇಕಾದ ಜಾಗ್ದಲ್ಲಿ ಇರ್ಬೇಕು’ ಎಂದು ಹಾಕಿಬಿಟ್ಟ. ನನಗೆ ಒಳಗೊಳಗೇ ಸರಿಬರಲಿಲ್ಲ. ಮೊದಲೆಲ್ಲ ಇಂಜಿನ್ ಶಾಖ ತೋರಿಸುವ ಮುಳ್ಳು ತಳ ಬಿಟ್ಟು ಏಳುತ್ತಲೇ ಇರಲಿಲ್ಲ, ನನ್ನ ಕಾರು ಬಿಸಿಯೇ ಆಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ವಾಲ್ವ್ ಹಾಕಿದ ಮೇಲೆ ಮುಳ್ಳು ಅರ್ಧಕ್ಕೆ ಬಂದು ನಿಲ್ಲತೊಡಗಿತು.

ಹೊರಡುವಾಗ ಕಾರಿನ ಮುಂದೆ ಆಯುಧಪೂಜೆಯ ಹಾರ ಇನ್ನೂ ಇತ್ತು. ಮಾರುದ್ದದ ಚೆಂಡು ಹೂವಿನ ಹಾರ. ನೂಲಿನ ದಾರ ಗಾಳಿಗೆ ಹರಿಯುತ್ತದೆ ಎಂದು ನಾನೇ ನೈಲಾನ್ ದಾರದಲ್ಲಿ ಪೋಣಿಸಿ, ಎರಡೂ ತುದಿಗಳನ್ನು ಬಾನೆಟ್ ಒಳಗೆ ತೂರಿಸಿ ಮುಚ್ಚಿದ್ದೆ. ಪೂಜೆಯ ಹೂವನ್ನು ಕೀಳಬಾರದು, ತಾನಾಗಿ ಉದುರಬೇಕು ಎನ್ನುವುದು ನನ್ನ ವಾದ. ಲಲಿತಾ ಬಾಗಿಲಿಗೆ ಬೀಗ ಹಾಕುತ್ತಾ, “ರೀ, ಮೊದ್ಲು ಆ ಹಾರ ತೆಗೀರಿ. ಬಾಡಿದ ಹೂ ಹಾಕ್ಕೊಂಡು ಯಾರಾದ್ರೂ ಹೆಣ್ ಕೇಳಕ್ಕೋಯ್ತಾರಾ?” ಎಂದಳು. ಅವಳ ಮಾತೂ ಸರಿ ಎನ್ನಿಸಿತು. ನಾನು ಆಗಷ್ಟೇ ಇಸ್ತ್ರಿಯ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟಿದ್ದೆ. ಬಾನೆಟ್ ಎತ್ತಿದರೆ ಮಸಿಯಾಗುತ್ತದೆ ಎಂದು ಒಳಗಿನಿಂದ ಕತ್ತರಿ ತರಿಸಿ, ಹೊರಗೆ ಕಾಣುತ್ತಿದ್ದ ಹಾರವನ್ನು ಆ ಕಡೆ ಈ ಕಡೆ ಕತ್ತರಿಸಿ ಗಿಡದ ಬುಡಕ್ಕೆ ಹಾಕಿದೆ.

ಹಾಸನದಿಂದ ಹೊಳೆನರಸೀಪುರಕ್ಕೆ ಮೂವತ್ತೆರಡು ಕಿಲೋಮೀಟರ್. ನಾನು ಎಷ್ಟೋ ಸಾವಿರ ಸಲ ಓಡಾಡಿದ ದಾರಿ, ಯಾವ ತಿರುವಿನಲ್ಲಿ ಯಾವ ಅಜ್ಜಿ ಕೈ ಅಡ್ಡ ಹಾಕುತ್ತಿದ್ದಳು ಎಂದು ಈಗಲೂ ಹೇಳಬಲ್ಲೆ. ಮಳೆಗಾಲ ಮುಗಿದಿತ್ತು. ರಾಗಿ ತೆನೆ ಬಿಡುತ್ತಿತ್ತು, ಬಿಸಿಲು ಹಿತವಾಗಿತ್ತು. ಮುಳ್ಳು ಅರ್ಧದಲ್ಲಿ ಅಲುಗಾಡದೆ ನಿಂತಿತ್ತು. ದಾರಿಯುದ್ದಕ್ಕೂ ನಾನು ಶಿವಣ್ಣನವರ ಮುಂದೆ ನಾಗೇಶನನ್ನು ಹೇಗೆ ಹೊಗಳಬೇಕು ಎಂದು ಲಲಿತಾಳಿಗೆ ಹೇಳಿ ತೋರಿಸುತ್ತಿದ್ದೆ. “ಅಷ್ಟೊಂದು ಬ್ಯಾಡ, ಸ್ವಲ್ಪ ಕಮ್ಮಿ ಮಾಡಿ, ನಂಬಲ್ಲ ಅವ್ರು” ಎಂದು ಅವಳು ನಕ್ಕಳು.

ಹೊಳೆನರಸೀಪುರದಲ್ಲಿ ಲಲಿತಾಳ ದೊಡ್ಡಮ್ಮನನ್ನು ಹತ್ತಿಸಿಕೊಳ್ಳಬೇಕಿತ್ತು. ಎಪ್ಪತ್ತೈದು ದಾಟಿದ ಪುಟ್ಟಮ್ಮ. ಶುಭಕಾರ್ಯಕ್ಕೆ ಹೋಗುವಾಗ ಮನೆಯ ಹಿರಿಯ ಹೆಂಗಸು ಜೊತೆಗಿರಬೇಕು. ಪೇಟೆ ಬೀದಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ನಿಂತು, ಹಿಂದೆ ಮುಂದೆ ವಾಹನ ಕಟ್ಟಿಕೊಂಡಿತ್ತು. ಅಲ್ಲೇ ಮುಳ್ಳು ಮೊದಲ ಸಲ ಅರ್ಧ ದಾಟಿತು. ನಾನು ನೋಡಿಯೂ ನೋಡದವನ ಹಾಗೆ ಕೂತೆ. ದೊಡ್ಡಮ್ಮನನ್ನು ಹತ್ತಿಸಿಕೊಂಡು ಊರು ಬಿಟ್ಟು, ಸೇತುವೆ ದಾಟಿ, ಅರಕಲಗೂಡು ರಸ್ತೆಗೆ ಬಿದ್ದು ಸ್ವಲ್ಪ ಜೋರು ಬಿಟ್ಟ ಕೂಡಲೇ ಮುಳ್ಳು ತಾನಾಗಿ ಇಳಿಯಿತು. ಅಂತೂ ಸರಿಹೋಯಿತಲ್ಲ ಎಂದುಕೊಂಡೆನೇ ಹೊರತು ಯಾಕೆ ಇಳಿಯಿತು ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಕಥೆಯನ್ನು ಬರೆಯಬೇಕಾಗಿಯೇ ಇರಲಿಲ್ಲ.

ಅಲ್ಲಿಂದ ಅರಕಲಗೂಡಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಹೊಗೆಸೊಪ್ಪು ಬೇಯಿಸುವ ಕಾಲ. ಹೊಲಗಳ ಮಧ್ಯೆ ಎತ್ತರದ ಬ್ಯಾರನ್‌ಗಳು, ಅಂದರೆ ಸೊಪ್ಪು ಕಟ್ಟಿ ಶಾಖ ಕೊಡುವ ಕೋಣೆಗಳು, ಅಲ್ಲಲ್ಲಿ ಹೊಗೆಯಾಡುತ್ತಿದ್ದವು. ಗಾಳಿಯಲ್ಲಿ ಸಿಹಿಗಟ್ಟಿದ ಘಾಟು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಸಂಭ್ರಮವಾಗಿ ಕೂತು, “ಉಡ್ಗಿ ಏನ್ ಮಾಡ್ತಾ ಅದೆ?” ಎಂದು ಕೇಳಿದರು. ಹುಡುಗಿಯ ಹೆಸರು ಸೌಮ್ಯ, ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾಳೆ ಎಂದು ಲಲಿತಾ ಹೇಳಿದಳು. “ಮೇಷ್ಟ್ರು ಉಡ್ಗಿ ನಮ್ ನಾಗನ್ನ ಒಪ್ಪದೇ ಎಚ್ಚು ಕಣವ್ವ” ಎಂದು ದೊಡ್ಡಮ್ಮ ಕೈ ಮುಗಿದರು.

ಶಿವಣ್ಣನವರ ಮನೆ ಊರಿನ ಆಚೆ ತುದಿಯಲ್ಲಿತ್ತು. ಅರಕಲಗೂಡು ಪೇಟೆಯಲ್ಲಿ ನಿಧಾನವಾಗಿ ಹೋಗಬೇಕಾಯಿತು, ದಾರಿ ಕೇಳಲು ಎರಡು ಕಡೆ ನಿಲ್ಲಿಸಬೇಕಾಯಿತು. ಮುಳ್ಳು ಏರಿತು, ಏರುತ್ತಲೇ ಇತ್ತು. ಇನ್ನೇನು ಮನೆ ಬಂತಲ್ಲ ಎಂದು ನಾನು ಓಡಿಸುತ್ತಲೇ ಇದ್ದೆ. ಅವರ ಅಂಗಳಕ್ಕೆ ಕಾರು ನುಗ್ಗಿಸಿ ನಿಲ್ಲಿಸಿದೆನೋ ಇಲ್ಲವೋ, ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಆವಿ ಎದ್ದಿತು. ಕೆಳಗೆ ನೀರು ಸುರಿಯಿತು. ಬಾಗಿಲಲ್ಲಿ ರಂಗೋಲಿ ಹಾಕಿ, ಒಳಗೆ ಜಮಖಾನ ಹಾಸಿ ಕಾಯುತ್ತಿದ್ದವರೆಲ್ಲ ಹೊರಗೆ ಬಂದರು. ಪಕ್ಕದ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟುತ್ತಿದ್ದ ಆಳುಗಳೂ ಬಂದರು.

“ಏನ್ ಕಂಡಕ್ಟ್ರೇ, ಒಗೆ ಬತ್ತಾ ಅದೆ” ಎಂದರು ಶಿವಣ್ಣ. ಸಣಕಲು ಮೈ, ನೆರೆತ ಮೀಸೆ, ಮೆತ್ತಗಿನ ಮಾತು.

“ಆವಿ ಅಷ್ಟೇ ಸ್ವಾಮಿ, ಏನಿಲ್ಲ” ಎಂದೆ.

“ಈಚೆಗೆ ತೋರುಸ್ಲಿಲ್ವಾ ಎಲ್ಲೂ?”

ಅವರು ಸುಮ್ಮನೆ ಕೇಳಿದ್ದು. ಹಳೆ ಗಾಡಿ, ವಯಸ್ಸಾಗಿದೆ ಎಂದು ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಏಳೆಂಟು ಜನ ನನ್ನನ್ನೇ ನೋಡುತ್ತಿದ್ದರು. ಒಂದು ಕಾರು ನೆಟ್ಟಗೆ ಇಟ್ಟುಕೊಳ್ಳಲು ಬಾರದ ಮನುಷ್ಯ ಎಂದು ಅವರು ತಿಳಿದುಬಿಟ್ಟರೆ ಎನ್ನುವ ಭಯಕ್ಕೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

“ತೋರಿಸ್ದೆ ಏನು? ಹೋದ ತಿಂಗಳು ತಾನೆ ನಮ್ಮ ನಾಗೇಶನೇ ಮಾಡಿದ್ದು. ಚೆನ್ನಾಗಿದ್ದ ಇಂಜಿನ್‌ಗೆ ಏನೋ ವಾಲ್ವ್ ಹಾಕಿದ. ಬೇಡ ಕಣಯ್ಯ ಅಂದೆ, ಕೇಳಲಿಲ್ಲ. ಈಗಿನ ಹುಡುಗರು ಹಂಗೇ ಸ್ವಾಮಿ, ಕೈ ಹಾಕಿದ್ದನ್ನ ಕೆಡಿಸದೆ ಬಿಡಲ್ಲ.”

ಲಲಿತಾ ನನ್ನ ಕಡೆ ನೋಡಲೇ ಇಲ್ಲ, ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ನಾನು ಯಾವ ಮನೆಯ ಅಂಗಳದಲ್ಲಿ, ಯಾವ ಕೆಲಸಕ್ಕೆ ಬಂದು, ಯಾರ ಕೈಯ ಬಗ್ಗೆ ಮಾತಾಡಿದೆ ಎನ್ನುವುದು ನನಗೆ ಆಗ ಹೊಳೆಯಿತು. ಏನೋ ಹೇಳಿ ಸರಿಮಾಡೋಣ ಎಂದು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಮಾತು ಸಿಗಲಿಲ್ಲ.

ಒಳಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಹೊಗಳಿಕೆಯನ್ನೆಲ್ಲ ಬಿಚ್ಚಿದೆ. ದುಡಿಯುವ ಹುಡುಗ, ಕುಡಿತವಿಲ್ಲ, ಊರಿನವರೆಲ್ಲ ಅವನ ಗ್ಯಾರೇಜಿಗೇ ಬರುತ್ತಾರೆ. ಪ್ರತಿ ಮಾತೂ ಹೊರಗೆ ನಿಂತು ಹನಿಯುತ್ತಿದ್ದ ಕಾರಿಗೆ ಹೋಗಿ ತಗುಲುತ್ತಿತ್ತು. ಶಿವಣ್ಣ ತಲೆಯಾಡಿಸುತ್ತಿದ್ದರು. ಕೊನೆಗೆ ಎದ್ದು, “ಆಗ್ಲಿ, ಮನೇಲಿ ಮಾತಾಡ್ಕಂಡು ಯೋಳ್ ಕಳುಸ್ತೀವಿ” ಎಂದರು. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ. ಆಮೇಲೆ ಯಾರೂ ಏನೂ ಹೇಳಿ ಕಳಿಸುವುದಿಲ್ಲ.

ಕಾರು ಆರುವವರೆಗೆ ಅಂಗಳದಲ್ಲಿ ಕಾಯಬೇಕಾಯಿತು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡ ಡ್ರೈವರೊಬ್ಬನನ್ನು ಕಂಡಿದ್ದೆ, ಆ ಬುದ್ಧಿ ಒಂದು ಇತ್ತು. ಬಿಂದಿಗೆಯಲ್ಲಿ ನೀರು ತಂದುಕೊಟ್ಟದ್ದು ಸೌಮ್ಯ. ಅಂಗಳದಲ್ಲಿ ನಾನಂದದ್ದು ಅವಳಿಗೂ ಕೇಳಿಸಿರಬೇಕು. “ಬಿಸಿ ಇಂಜಿನ್‌ಗೆ ತಣ್ಣೀರು ಒಂದೇ ಸಲ ಹಾಕ್ಬೋದಾ?” ಎಂದು ಕೇಳಿದಳು. ಹಾಕಬಾರದು, ನಿಧಾನವಾಗಿ ಹಾಕಬೇಕು ಎಂದೆ. “ಸರಿ” ಎಂದು ಬಿಂದಿಗೆ ಇಟ್ಟು ಒಳಗೆ ಹೋದಳು.

ಊರ ಹೊರಗೆ ಹುಣಸೆಮರದ ಕೆಳಗೆ ನಿಲ್ಲಿಸಲು ಹೇಳಿ ಲಲಿತಾ ತಮ್ಮನಿಗೆ ಫೋನ್ ಮಾಡಿದಳು. ನನಗೆ ಮಾಡುವ ಮುಖವಿರಲಿಲ್ಲ. ಸ್ಪೀಕರ್ ಹಾಕಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಕಾರು ಕುದಿಯಿತು ಎಂದಾಗ ನಾಗೇಶ ಕೇಳಿದ: “ಯಾವಾಗ ಏರ್ತದೆ ಅಕ್ಕ? ಓಡ್ತಾ ಇರುವಾಗ್ಲೋ, ನಿಂತಾಗ್ಲೋ?”

ಅವಳು ನನ್ನ ಕಡೆ ನೋಡಿದಳು. “ನಿಂತಾಗ” ಎಂದೆ ನಾನು. “ರೋಡಿಗೆ ಬಿದ್ದರೆ ಇಳಿಯುತ್ತೆ.”

“ಅಂಗಾದ್ರೆ ರೇಡಿಯೇಟರ್ ಫ್ಯಾನ್ ತಿರುಗ್ತಿಲ್ಲ ಭಾವ. ಓಡುವಾಗ ಎದುರು ಗಾಳಿ ಒಡೀತದೆ, ತಣ್ಣಗಾಯ್ತದೆ. ನಿಂತಾಗ ಫ್ಯಾನೇ ಗಾಳಿ ಎಳೀಬೇಕು. ವಾಲ್ವ್ ಕೆಟ್ಟಿದ್ರೆ ರೋಡಲ್ಲೂ ಏರ್ತಿತ್ತು. ಎಲ್ಲೂ ನಿಲ್ಲಿಸ್ಬೇಡಿ, ಕಿಟಕಿ ತೆಗ್ದು ಒಳಗಡೆ ಹೀಟರ್ ಪೂರ್ತಿ ಹಾಕ್ಕೊಂಡು ಬಂದ್ಬುಡಿ. ಇಂಜಿನ್ ಶಾಖ ಅಷ್ಟಾದ್ರೂ ಈಚೆಗೆ ಓಗ್ತದೆ.” ಆಮೇಲೆ ಕೇಳಿದ: “ಅಕ್ಕ, ಅವ್ರೇನಂದ್ರು?”

“ಹೇಳಿ ಕಳಿಸ್ತಾರಂತೆ.”

“ಓ” ಎಂದ ನಾಗೇಶ. “ಸರಿ, ಬನ್ನಿ.”

ಆ ಮಧ್ಯಾಹ್ನದ ಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು ನಾವು ಮೂವರೂ ಬಂದೆವು. ಕಾಲಿಗೆ, ಮುಖಕ್ಕೆ ಕೆಂಡದ ಗಾಳಿ. “ಇದೇನ್ ಅಳಿಮಯ್ಯ, ಕಾರೋ, ಬಾಣಂತಿ ಕ್ವಾಣೆಯೋ?” ಎಂದು ದೊಡ್ಡಮ್ಮ ಸೆರಗಿನಿಂದ ಬೀಸಿಕೊಂಡರು. ಯಾರೂ ನಗಲಿಲ್ಲ. ಮುಳ್ಳು ಮಾತ್ರ ನಾಗೇಶ ಹೇಳಿದಂತೆಯೇ ಇಳಿದು ನಿಂತಿತು. ಆಗಲೂ ನನ್ನ ಮನಸ್ಸು ಸೋಲಲಿಲ್ಲ ನೋಡಿ. ವಾಲ್ವ್ ಅಲ್ಲದಿದ್ದರೇನು, ಪಂಪು ಬಿಚ್ಚುವಾಗ ಅವನೇ ಫ್ಯಾನಿನ ವೈರು ಸಡಿಲ ಬಿಟ್ಟಿರಬೇಕು, ತಪ್ಪು ಅವನದೇ ಎಂದು ಒಳಗೇ ವಾದ ಹೂಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಒಂದು ಕೈ ಮೇಲು.

ಹೊಳೆನರಸೀಪುರದಲ್ಲಿ ದೊಡ್ಡಮ್ಮನನ್ನು ಇಳಿಸಿದೆವು. ಇಂಜಿನ್ ನಿಲ್ಲಿಸದೆ ಕೂತಿದ್ದ ನನ್ನ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ, “ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು ಅಳಿಮಯ್ಯ. ನಾಗಂಗೆ ಅವ್ವ ಇದ್ದಿದ್ರೆ ಇವತ್ತು ನಿಮ್ ಜೊತೆ ಕಳುಸ್ತಿರ್ನಿಲ್ಲ” ಎಂದರು. ಬೈಗುಳದ ದನಿಯೂ ಅಲ್ಲ, ಇದ್ದದ್ದನ್ನು ಹೇಳಿದ ದನಿ. ಚೀಲ ಎತ್ತಿಕೊಂಡು ನಿಧಾನವಾಗಿ ಓಣಿಗೆ ತಿರುಗಿದರು.

ಚನ್ನರಾಯಪಟ್ಟಣ ಮುಟ್ಟಿದಾಗ ಸಂಜೆ ನಾಲ್ಕಾಗಿತ್ತು. ನಾಗೇಶನ ಗ್ಯಾರೇಜ್ ಊರ ಹೊರಗೆ, ಹೆದ್ದಾರಿ ಕಡೆಗೆ ಹೋಗುವ ರಸ್ತೆಯಲ್ಲಿದೆ. ಮೂರು ಗಾಡಿ ನಿಲ್ಲುವಷ್ಟು ತಗಡಿನ ಮಾಡು. ಅವನು ಬೇರೆ ಕೆಲಸ ಬಿಟ್ಟು ಕಾದಿದ್ದ. ಅಕ್ಕನಿಗೆ ಕುರ್ಚಿ ಹಾಕಿ, ಎಳನೀರು ತರಿಸಿಕೊಟ್ಟ. ಅರಕಲಗೂಡಿನ ವಿಷಯ ಎತ್ತಲಿಲ್ಲ. ಮೊದಲು ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು, “ಸುಟ್ಟೋಗದೆ” ಎಂದ. ಆಮೇಲೆ ಕೈ ಕೆಳಗೆ ಹಾಕಿ ಫ್ಯಾನ್ ತಿರುಗಿಸಲು ನೋಡಿದ. ಅದು ಅಲುಗಲಿಲ್ಲ. ಟಾರ್ಚ್ ಬಿಟ್ಟು ನೋಡಿದ. ಇಕ್ಕಳ ಕೇಳಿ ತರಿಸಿಕೊಂಡು ಒಳಗಿನಿಂದ ಏನನ್ನೋ ಎಳೆಯತೊಡಗಿದ.

ಮೊದಲು ಬಂದದ್ದು ಹಳದಿ ಪುಡಿ. ಆಮೇಲೆ ಒಣಗಿ ಕರಟಿದ ಚೆಂಡು ಹೂವು ಒಂದು, ಎರಡು. ಆಮೇಲೆ ದಾರ. ಫ್ಯಾನಿನ ನಡುವಿನ ಕಡ್ಡಿಗೆ ಸುತ್ತಿ ಸುತ್ತಿ, ಬಿಸಿಗೆ ಕರಗಿ ಗಟ್ಟಿಯಾಗಿದ್ದ ನನ್ನ ನೈಲಾನ್ ದಾರ. ಬೆಳಿಗ್ಗೆ ಹೊರಗಿನ ಹಾರವನ್ನು ಕತ್ತರಿಸಿದಾಗ ಒಳಗಿನ ತುದಿಗಳು ಒಳಗೇ ಉಳಿದು, ದಾರಿಯ ಕುಲುಕಾಟಕ್ಕೆ ಜಾರಿ ಫ್ಯಾನಿನ ಮೇಲೆ ಬಿದ್ದಿದ್ದವು. ಹೊಳೆನರಸೀಪುರದ ಪೇಟೆಯಲ್ಲಿ ಫ್ಯಾನ್ ಮೊದಲ ಸಲ ತಿರುಗಿದಾಗ ಅದನ್ನು ಸುತ್ತಿಕೊಂಡು ನಿಂತು, ಫ್ಯೂಸನ್ನೂ ಸುಟ್ಟುಬಿಟ್ಟಿತ್ತು.

ನಾಗೇಶ ಆ ಗಂಟನ್ನು ನನ್ನ ಕೈಗೆ ಹಾಕಿ, “ಭಾವ, ಇದು ಯಾವ ಕಂಪ್ನಿ ಪಾರ್ಟು?” ಎಂದ. ಬಾಯಿ ತುಂಬ ನಗುತ್ತಿದ್ದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಲಲಿತಾ ಕುರ್ಚಿಯಿಂದ ಎದ್ದಳು. “ನಗ್ಬೇಡ ಕಣೋ. ನೀನು ಇಂಜಿನ್ ಕೆಡಿಸ್ದೆ ಅಂತ ಇವ್ರು ಹೆಣ್ಣಿನ ಮನೆ ಅಂಗಳದಲ್ಲಿ ನಿಂತ್ಕೊಂಡು ಹೇಳಿ ಬಂದವ್ರೆ. ಕೈ ಹಾಕಿದ್ದನ್ನೆಲ್ಲ ಕೆಡಿಸ್ತಾನೆ ಅಂತ. ಅವರಪ್ಪನ ಎದುರಿಗೆ, ಆಳುಗಳ ಎದುರಿಗೆ.” ಅಷ್ಟು ಹೇಳಿ ಅಳತೊಡಗಿದಳು. ದಾರಿಯುದ್ದಕ್ಕೂ ತಡೆದುಕೊಂಡಿದ್ದ ಅಳು.

ನಾಗೇಶನ ನಗು ಒಂದೇ ಸಲಕ್ಕೆ ಹೋಗಲಿಲ್ಲ, ಸ್ವಲ್ಪ ಸ್ವಲ್ಪವೇ ಹೋಯಿತು. “ಅಂಗಂದ್ರಾ ಭಾವ?” ಎಂದು ಕೇಳಿದ.

ಹೌದು ಎಂದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಮೇಕೆ ನನ್ನ ಎದುರಿಗೆ ನಿಂತು ಕೈ ಒರೆಸಿಕೊಳ್ಳುತ್ತಿತ್ತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಸ ಫ್ಯೂಸ್ ಹಾಕಿ, ಇಂಜಿನ್ ಚಾಲೂ ಮಾಡಿ, ಮುಳ್ಳು ಅರ್ಧ ದಾಟುವವರೆಗೆ ನನಗೆ ಬೆನ್ನು ಮಾಡಿ ನಿಂತಿದ್ದ. ಫ್ಯಾನ್ ಗರ್ರನೆ ತಿರುಗಿತು, ಮುಳ್ಳು ಇಳಿಯಿತು. ಬಾನೆಟ್ಟನ್ನು ಧಡಾರನೆ ಹಾಕಿದ. “ಕುದ್ದ ಇಂಜಿನ್ನು, ಎರಡು ದಿನ ಇಟ್ಕಂಡು ನೀರು ಕಮ್ಮಿ ಆಯ್ತದಾ ನೋಡ್ಬೇಕು. ನೀವು ಬಸ್ಸಲ್ಲೋಗಿ” ಎಂದ. ಆಮೇಲೆ, “ನಂಗೆ ಈ ಸಂಬಂಧ ಬ್ಯಾಡ ಅಂತ ನೀವೇ ಯೋಳ್ಬುಡಿ. ಇನ್ನೆಲ್ಲೂ ನೋಡಾಕೋಗ್ಬೇಡಿ” ಎಂದು ಅಕ್ಕನಿಗೆ ಹೇಳಿ, ಬೇರೆ ಗಾಡಿಯ ಕೆಳಗೆ ಹೋಗಿ ಮಲಗಿ ಕೆಲಸ ಹಿಡಿದ. ಕಾರಿನ ಕೆಳಗಿನಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು.

ಅವತ್ತು ಅವನ ಮನೆಯಲ್ಲೇ ಉಳಿದೆವು. ಊಟಕ್ಕೆ ಅವನು ನನ್ನ ಪಕ್ಕ ಕೂರಲಿಲ್ಲ. ಬೆಳಗಿನ ಜಾವವೇ ಲಲಿತಾಳನ್ನು ಹಾಸನದ ಬಸ್ಸಿಗೆ ಹತ್ತಿಸುವಾಗ, ನಾನು ಅರಕಲಗೂಡಿಗೆ ಹೋಗಿ ಬರುತ್ತೇನೆ ಎಂದೆ. “ಹೇಳಿ ಕಳಿಸೋವರೆಗೂ ಹುಡುಗನ ಕಡೆಯವರು ಎರಡನೇ ಸಲ ಹೋಗಬಾರದು ರೀ, ಮರ್ಯಾದೆ ಇರಲ್ಲ. ಫೋನ್ ಮಾಡಿ ಹೇಳಿ” ಎಂದಳು. ಮರ್ಯಾದೆ ಈಗೆಲ್ಲಿ ಉಳಿದಿದೆ? ಅಂಗಳದಲ್ಲಿ ಆಡಿದ ಮಾತನ್ನು ಅದೇ ಅಂಗಳದಲ್ಲಿ ನಿಂತು ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನಿಸಿತ್ತು. ನಾಗೇಶನಿಗೆ ಹೇಳಬೇಡ ಎಂದು ಅವಳಿಗೆ ಹೇಳಿದೆ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಅರಕಲಗೂಡಿಗೆ ಇನ್ನೊಂದು. ಹೆಂಗಸರಿಗೆ ಈಗ ಟಿಕೆಟ್ಟಿಗೆ ಕಾಸಿಲ್ಲ, ಬಸ್ ತುಂಬ ಅವರೇ. ನಾನು ಕಾಸು ಕೊಟ್ಟು ನಿಂತು ಹೋದೆ. ಎರಡನೆಯ ಬಸ್ಸಿನ ಕಂಡಕ್ಟರ್ ನನ್ನ ಕೈಕೆಳಗೆ ಕೆಲಸ ಕಲಿತವನು. “ಅಣ್ಣ, ಕಾರೆಲ್ಲಿ ಬುಟ್ರಿ? ಎಲ್ಲಿಗೋಯ್ತಾ ಇದೀರಿ?” ಎಂದು ಆಸೆಯಿಂದ ಹತ್ತಿರ ಬಂದ. “ಅರಕಲಗೂಡಿಗೆ” ಎಂದಷ್ಟೇ ಹೇಳಿದೆ. ಇನ್ನೇನಾದರೂ ಬರುತ್ತದೆಂದು ಸ್ವಲ್ಪ ಹೊತ್ತು ಕಾದು, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ದಾರದ ಗಂಟು ಇತ್ತು.

ಶಿವಣ್ಣ ಬ್ಯಾರನ್ನಿನ ಬಾಗಿಲಲ್ಲಿದ್ದರು. ಗಾಜಿನ ಕಿಂಡಿಯಲ್ಲಿ ಬಗ್ಗಿ ಒಳಗಿನ ಶಾಖದ ಅಳತೆ ನೋಡುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಟ್ಟರು, ಆದರೂ “ಬನ್ನಿ, ಕಾಫಿ ಕುಡೀರಿ” ಎಂದರು. ಬೇಡ ಎಂದು ಅಲ್ಲೇ ನಿಂತು ಹೇಳಿದೆ. ಹಾರ, ಕತ್ತರಿ, ಪಂಚೆಗೆ ಮಸಿಯಾಗುತ್ತದೆಂದು ಬಾನೆಟ್ ಎತ್ತದೆ ಹೋದದ್ದು, ನಾಗೇಶನ ಕೆಲಸದಲ್ಲಿ ಒಂದು ಎಳೆಯಷ್ಟೂ ತಪ್ಪಿಲ್ಲದ್ದು. ಆಳುಗಳು ಕಿವಿಗೊಟ್ಟಿದ್ದರು. ನಿನ್ನೆ ಕೇಳಿದವರೇ ಇವತ್ತೂ ಕೇಳಲಿ ಎಂದು ದನಿ ತಗ್ಗಿಸಲಿಲ್ಲ. ಜೇಬಿನ ಗಂಟನ್ನು ತೆಗೆದು ತೋರಿಸಿದೆ. ಸೌಮ್ಯ ಅವತ್ತು ಇನ್ನೂ ಶಾಲೆಗೆ ಹೊರಟಿರಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದಳು.

ಶಿವಣ್ಣ ಆ ಗಂಟನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. “ಕಂಡಕ್ಟ್ರೇ, ನಿಮ್ ಕಾರು ಕೆಟ್ಟುದ್ದುಕ್ಕೆ ನಾನೇನೂ ಅನ್ಕಂಡಿರ್ನಿಲ್ಲ. ಅಳೇ ಗಾಡಿ, ಕೆಡ್ತದೆ. ನನ್ ಬ್ಯಾರನ್ನೂ ಕೆಡ್ತದೆ. ಉಡುಗನ ಕೈ ಮ್ಯಾಲೂ ಅನುಮಾನ ಬರ್ನಿಲ್ಲ.” ಮೀಸೆ ಸವರಿಕೊಂಡರು. “ಅವ್ನಿಗೆ ಅಪ್ಪ ಅವ್ವ ಇಲ್ಲ. ಅವನ ಪರವಾಗಿ ಬಂದೋರು ನೀವು. ನೀವೇ ಅವ್ನ ಬುಟ್ಕೊಟ್ರಿ. ಆ ಮನೇಲಿ ನಾಳೆ ನನ್ ಮಗಳ ಕೈಲಿ ಒಂದು ಮಡಕೆ ಒಡುದ್ರೆ, ಅವಳ ಪರವಾಗಿ ಯಾರು ಮಾತಾಡ್ತಾರೆ ಅಂತ ಯೋಚ್ನೆ ಬಂತು. ಅಷ್ಟೇಯ.”

ನಾನು ನಾಗೇಶನ ಹೆಸರು ಕೆಡಿಸಿದೆ ಎಂದು ತಿಳಿದು ಅದನ್ನು ಸರಿಮಾಡಲು ಬಂದಿದ್ದೆ. ಕೆಟ್ಟದ್ದು ನನ್ನ ಮನೆಯ ಹೆಸರು.

ಸೌಮ್ಯ ಬಾಗಿಲಲ್ಲಿ ನಿಂತೇ ಕೇಳಿದಳು: “ನೀವು ಇಲ್ಲಿಗೆ ಬಂದಿರೋದು ಅವರಿಗೆ ಗೊತ್ತಾ?”

“ಇಲ್ಲಮ್ಮ.”

“ಅವರು ಏನಂದ್ರು, ಇದನ್ನ ನೋಡಿ?”

“ಈ ಸಂಬಂಧ ಬೇಡ ಅಂತ ಹೇಳಿಬಿಡಿ ಅಂದ. ಕೋಪಕ್ಕೆ ಅಂದದ್ದು.”

ಅವಳು ಅಪ್ಪನ ಕಡೆ ನೋಡಿದಳು. “ಕೋಪ ಬರ್ಬೇಕಾದ್ದೇ” ಎಂದಳು. ಅಪ್ಪ ಮಗಳು ಒಳಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿದರು. ನಾನು ಅಂಗಳದಲ್ಲಿ, ನಿನ್ನೆ ಕಾರಿನಿಂದ ಸುರಿದ ನೀರಿನ ಗುರುತಿನ ಪಕ್ಕ ನಿಂತಿದ್ದೆ. ಶಿವಣ್ಣ ಹೊರಗೆ ಬಂದು, “ಭಾನುವಾರ ನಾವೇ ಚನ್ರಾಯಪಟ್ಣಕ್ಕೆ ಓಗಿ ಉಡುಗುನ್ನ ನೋಡ್ಕಂಡು ಬತ್ತೀವಿ. ನಿಮ್ಮನೇರು ಬರ್ಲಿ, ಅಕ್ಕ ಅಲ್ವಾ” ಎಂದರು. ಆಮೇಲೆ ಅಷ್ಟೇ ಮೆತ್ತಗೆ, “ನೀವು ಬರಾದು ಬ್ಯಾಡಿ. ಬ್ಯಾಸರ ಮಾಡ್ಕಬ್ಯಾಡಿ” ಎಂದರು.

ವಾಪಸು ಗೊರೂರು ಮಾರ್ಗದ ಬಸ್ಸು ಹಿಡಿದೆ. ಹಾಸನಕ್ಕೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಗೊರೂರಿನಲ್ಲಿ ಅಣೆಕಟ್ಟೆ ತುಂಬಿತ್ತು. ಮೀನಿನ ಬುಟ್ಟಿ ಹೊತ್ತ ಇಬ್ಬರು ಹತ್ತಿದರು, ಬಸ್ಸೆಲ್ಲ ವಾಸನೆ. ಮೊದಲಾಗಿದ್ದರೆ ಅವರನ್ನು ಎರಡು ಮಾತು ಛೇಡಿಸದೆ ಬಿಡುತ್ತಿರಲಿಲ್ಲ. ಲಲಿತಾ ಫೋನ್ ಮಾಡಿದಳು. ಭಾನುವಾರ ಬರುತ್ತಾರಂತೆ ಎಂದೆ. ಅವಳ ಉಸಿರು ಹಗುರಾದದ್ದು ಕೇಳಿಸಿತು. “ದೇವರು ದೊಡ್ಡವನು. ಹಂಗಾದ್ರೆ ನಾವು ಶನಿವಾರವೇ ಹೋಗಿರಬೇಕಲ್ವಾ?” ಎಂದಳು. ನೀನು ಹೋಗು ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ.

ಶನಿವಾರ ಸಂಜೆ ನಾಗೇಶ ನನ್ನ ಕಾರನ್ನು ಓಡಿಸಿಕೊಂಡು ಹಾಸನಕ್ಕೆ ಬಂದ, ಅಕ್ಕನನ್ನು ಕರೆದೊಯ್ಯಲು. ತೊಳೆದು ಹೊಳಪು ಮಾಡಿದ್ದ. ನಾನು ಅರಕಲಗೂಡಿಗೆ ಹೋದದ್ದು ಅವನಿಗೆ ಅಷ್ಟರಲ್ಲಿ ಅಕ್ಕನಿಂದ ತಿಳಿದಿತ್ತು, ಭಾನುವಾರ ಅವರು ಬರುವುದಕ್ಕೂ ಒಪ್ಪಿದ್ದ. ಅದರ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಂದವನು ಇಂಜಿನ್ ನಿಲ್ಲಿಸದೆ, “ಮುಳ್ಳು ನೋಡಿ ಭಾವ” ಎಂದ. ಬಗ್ಗಿ ನೋಡಿದೆ. ಅರ್ಧದಲ್ಲಿ ನಿಂತಿತ್ತು, ಇರಬೇಕಾದ ಜಾಗದಲ್ಲಿ.

ಲಲಿತಾ ರೇಷ್ಮೆ ಸೀರೆಯ ಚೀಲ ಹಿಡಿದು ಬಂದಳು. ಅವಳಿಗೆಂದು ತಂದಿದ್ದ ಮಲ್ಲಿಗೆಯಲ್ಲಿ ಒಂದು ತುಂಡು ನನ್ನ ಕೈಯಲ್ಲಿ ಉಳಿದಿತ್ತು. ಒಳ್ಳೆಯ ಕೆಲಸಕ್ಕೆ ಹೊರಟ ಗಾಡಿ, ಬರಿದಾಗಿ ಹೋಗಬಾರದು ಎನ್ನಿಸಿ ಕಾರಿನ ಮುಂದೆ ಹೋಗಿ ನಿಂತೆ. ಇಡಲೋ ಬೇಡವೋ ತಿಳಿಯಲಿಲ್ಲ. ನಾಗೇಶ ಒಳಗಿನಿಂದ ನೋಡುತ್ತಿದ್ದ.

“ಒಳಗಿಡಿ ಭಾವ” ಎಂದ, “ಗ್ಲಾಸಿನ ಹತ್ರ.”

ಇಟ್ಟೆ. ಕಾರು ಹೊರಟಿತು. ಲಲಿತಾ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ಊಟ ಮಾಡಿ” ಎಂದಳು. ಕಾರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲಿ ನಿಂತಿದ್ದು, ಒಳಗೆ ಹೋಗಿ ಒಲೆ ಹಚ್ಚಿದೆ.